ಸುಮ್ಮನೆ ಕೂರುವುದಕ್ಕೊಂದು ಜಾಗ

ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 70 ಕಿಲೋಮೀಟರು. ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್, ಕೃಷ್ಣರಾಜಪುರ ಎಂದು ನಿಲ್ದಾಣಗಳ ಹೆಸರು ನಮ್ಮೂರಿನ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠ. ಮಾರಿಕುಪ್ಪಂನಿಂದ ಹೊರಟು ಕೆ.ಜಿ.ಎಫ್. ಜನರನ್ನೆಲ್ಲ ತುಂಬಿಕೊಂಡು ಬರುವ ಬೆಳಗಿನ ಗಾಡಿ ಹತ್ತಿ ನೋಡಿದರೆ ಒಬ್ಬೊಬ್ಬರಿಗೂ ಒಂದೊಂದು ಕಾರಣ. ಕಟ್ಟಡದ ಕೆಲಸಕ್ಕೆ ಹೋಗುವವರು, ಗಾರ್ಮೆಂಟ್ಸಿಗೆ ಹೋಗುವವರು, ಕೋರ್ಟಿಗೆ ಅಲೆಯುವವರು, ಮಗಳ ಬಾಣಂತನಕ್ಕೆ ಹೊರಟವರು, ಮದುವೆ ಸೀರೆಗೆಂದು ಚಿಕ್ಕಪೇಟೆಗೆ ಗುಂಪಾಗಿ ಹೊರಟವರು. ಕೈಯಲ್ಲಿ ದೊಡ್ಡ ಎಕ್ಸ್‌ರೇ ಕವರು ಹಿಡಿದವರನ್ನಂತೂ ಎಲ್ಲಿಗೆಂದು ಕೇಳಬೇಕಾದ್ದೇ ಇಲ್ಲ. ಸಂಜೆ ಹಿಂತಿರುಗುವಾಗ ನೋಡಿ, ಹೆಂಗಸರು ಬೋಗಿಯಲ್ಲೇ ಸೊಪ್ಪು ಸೋಸುತ್ತಾರೆ, ಅವರೆಕಾಯಿ ಸುಲಿಯುತ್ತಾರೆ, ಬೆಳ್ಳುಳ್ಳಿ ಬಿಡಿಸುತ್ತಾರೆ. ಮನೆ ಸೇರಿದ ಕೂಡಲೆ ಒಗ್ಗರಣೆ ಹಾಕಿದರಾಯಿತು. ಇಂಥ ಬೋಗಿಯಲ್ಲಿ ಯಾರಾದರೂ "ನಾನು ಬೆಂಗಳೂರಿನಲ್ಲಿ ಒಂದು ಮರದ ಕೆಳಗೆ ಸುಮ್ಮನೆ ಕೂತು ಬರೋಣ ಅಂತ ಹೊರಟಿದ್ದೇನೆ" ಎಂದರೆ ಪಕ್ಕದವರು ಸ್ವಲ್ಪ ಸರಿದೇ ಕೂತಾರು!

"ಸುಮ್ಮನೆ" ಎನ್ನುವ ಮಾತು ಗಂಡಸರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಸುಮ್ಮನೆ ಹಾಗೇ ಒಂದು ಸುತ್ತು ಹೋಗಿದ್ದೆ, ಸುಮ್ಮನೆ ಕಟ್ಟೆಯ ಮೇಲೆ ಕೂತಿದ್ದೆ ಎನ್ನುತ್ತಾರೆ. ಹೆಂಗಸು ಹೊರಗೆ ಹೊರಟಳೆಂದರೆ ಕಾರಣ ಇರಲೇಬೇಕು. ಕೈಯಲ್ಲಿ ಒಂದು ಚೀಲವಾದರೂ ಇರಬೇಕು. ದೇವಸ್ಥಾನದಲ್ಲಿ ಕೂರಬಹುದು, ಆದರೆ ಅದು ದೇವರ ಕೆಲಸ. ಆಸ್ಪತ್ರೆಯಲ್ಲಿ ಕೂರಬಹುದು, ಅದು ಕರ್ಮ. "ಕೂತು ಉಂಡರೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹೊನ್ನಿನ ಊರಿನ ಮಕ್ಕಳಿಗೆ ಅದು ಸುಲಭದ ಪ್ರಶ್ನೆ.

ಆ ಹೊನ್ನಿನ ಕತೆಯನ್ನೂ ಸ್ವಲ್ಪ ಹೇಳಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಕೋಲಾರದ ಈ ಬರಡು ನೆಲ ಒಂದು ದಿನವೂ ಸುಮ್ಮನೆ ಬಿದ್ದಿರಲಿಲ್ಲ. 1894ಕ್ಕೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು, ಬೆಂಗಳೂರಿಗೆ ದೀಪ ಹತ್ತುವುದಕ್ಕಿಂತ ಮೂರು ವರ್ಷ ಮೊದಲೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ದೊರೆಗಳಿಗೆ ಕ್ಲಬ್ಬು, ಗಾಲ್ಫ್ ಮೈದಾನ, ಬಂಗಲೆಯ ಸುತ್ತ ತೋಟ. ಕೆಲಸಗಾರರಿಗೆ ಸಾಲುಸಾಲು ಲೈನ್ ಮನೆಗಳು, ಮೊದಮೊದಲು ಬರೀ ಬಿದಿರಿನ ತಟ್ಟಿ. ಅವರ ಹೆಂಡಂದಿರು ನಾಲ್ಕು ಮಾತಾಡುತ್ತ ಕೂರುವ ಜಾಗ ಎಂದರೆ ಕೊಳಾಯಿಯ ಸಾಲು; ಅದೂ ಕೊಡ ಪಕ್ಕದಲ್ಲಿಟ್ಟುಕೊಂಡೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಸೈನೈಡ್ ದಿಬ್ಬಗಳು. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಸುರಿದ ಬೂದುಬಣ್ಣದ ಮಣ್ಣಿನ ಬೆಟ್ಟಗಳು ಅವು. ಆಷಾಢದ ಗಾಳಿ ಎದ್ದರೆ ಅದರ ಧೂಳು ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ಅನ್ನದ ಮೇಲೆ. ಊರ ನಡುವೆಯೇ ಅಷ್ಟು ವಿಶಾಲವಾದ ಜಾಗ ಇದ್ದರೂ ಯಾರೂ ಹೋಗಿ ಕೂರುವ ಹಾಗಿಲ್ಲ.

ನನ್ನ ಅತ್ತೆ ಈ ಊರಿಗೆ ಹದಿನಾರರ ವಯಸ್ಸಿಗೆ ಸೊಸೆಯಾಗಿ ಬಂದವರು. ಮಾವ ಚಾಂಪಿಯನ್ ರೀಫ್‌ನಲ್ಲಿ ನೆಲದಡಿಯ ಕೆಲಸ. ರಾತ್ರಿ ಪಾಳಿಯಾದರೆ ಅತ್ತೆಗೆ ನಿದ್ದೆಯಿಲ್ಲ. ಕೆಳಗೆಲ್ಲೋ ಬಂಡೆ ಸಿಡಿದರೆ ಮೇಲೆ ಅಡಿಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವಂತೆ. ಆ ಸದ್ದು ಕೇಳಿದ ಮೇಲೆ ಲೈನಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ನಿಲ್ಲುತ್ತಿದ್ದರು, ಕೂರುತ್ತಿರಲಿಲ್ಲ. ಮಾವ ಹೋದರು, ಗಣಿ ಮುಚ್ಚಿತು, ನಮ್ಮ ಮನೆಯವರ ಕೆಲಸವೂ ಹೋಗಿ ಅವರು ದಿನಾ ಬೆಂಗಳೂರಿಗೆ ಗಾಡಿ ಹಿಡಿಯತೊಡಗಿದರು. ನಾವು ಬಂಗಾರಪೇಟೆಗೆ ಮನೆ ಬದಲಾಯಿಸಿದೆವು. ಅತ್ತೆ ಮಾತ್ರ ಎಲ್ಲಿ ಹೋದರೂ ಅದೇ ಅತ್ತೆ. ಊಟಕ್ಕೆ ಬಿಟ್ಟರೆ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ. ಕೂತರೂ ಮೊರ ಮುಂದಿರುತ್ತಿತ್ತು.

2018ರಲ್ಲಿ ಅವರ ಎದೆಯಲ್ಲೊಂದು ಗಂಟು ಕಾಣಿಸಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಆಮೇಲೆ ತಿಂಗಳಿಗೊಮ್ಮೆ ಪರೀಕ್ಷೆ. ಬೆಳಗ್ಗೆ ರಕ್ತ ಕೊಟ್ಟರೆ ರಿಪೋರ್ಟು ಕೈಗೆ ಬರುವುದು ಮಧ್ಯಾಹ್ನ ಮೂರಕ್ಕೆ. ಅದನ್ನು ಹಿಡಿದು ಡಾಕ್ಟರನ್ನು ಕಾಣಬೇಕು. ನಡುವಿನ ನಾಲ್ಕೈದು ಗಂಟೆ ಆಸ್ಪತ್ರೆಯ ಪಡಸಾಲೆಯಲ್ಲಿ ಕಳೆಯುವುದೆಂದರೆ, ಕಳೆದವರಿಗೇ ಗೊತ್ತು. ಎದುರಿಗೆ ಕೂತ ಪ್ರತಿಯೊಬ್ಬರ ಮುಖದಲ್ಲೂ ನಮ್ಮ ನಾಳೆಯೇ ಕಾಣುತ್ತಿರುತ್ತದೆ. ಮೊದಲ ತಿಂಗಳ ಪರೀಕ್ಷೆಯ ದಿನ ನಾನು "ಅತ್ತೆ, ಲಾಲ್‌ಬಾಗಿಗೆ ಹೋಗಿ ಬರೋಣ ಬನ್ನಿ" ಎಂದು ಆಟೋ ಹತ್ತಿಸಿದೆ.

ಒಳಗೆ ಬ್ಯಾಟರಿ ಗಾಡಿ ಇತ್ತು. "ಕಾಲಿರುವಾಗ ಗಾಡಿ ಯಾಕೆ?" ಎಂದು ನಡೆದೇ ಬಂದರು. ಸ್ವಲ್ಪ ದೂರ ಬಂದ ಮೇಲೆ ಒಂದು ದೊಡ್ಡ ಮರದ ನೆರಳಿನ ಬೆಂಚು ತೋರಿಸಿದೆ. ಕೂತರು. ಸುತ್ತ ನೋಡಿದರು.

"ಇಲ್ಲಿ ಏನಮ್ಮಾ ಮಾಡಬೇಕು?"

"ಏನೂ ಇಲ್ಲ ಅತ್ತೆ. ಸುಮ್ಮನೆ ಕೂರೋದು."

"ಕೂತ್ಕೊಂಡು?"

"ಕೂತ್ಕೊಂಡು ಅಷ್ಟೆ."

ಅವರು ಇನ್ನೊಂದು ಸಲ ಸುತ್ತ ಕಣ್ಣಾಡಿಸಿದರು. ಬೆಂಚುಗಳ ಮೇಲೆ ಮುದುಕರು, ಹುಡುಗಿಯರು, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದ ಸಂಸಾರಗಳು. "ಕೆಲಸ ಇಲ್ಲದೋರು ಇಷ್ಟು ಜನ ಅವ್ರಾ ಬೆಂಗಳೂರಲ್ಲಿ!" ಎಂದರು. ಹಾಗೆಂದವರು ಹತ್ತು ನಿಮಿಷದಲ್ಲಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಕೂತಲ್ಲೇ ನಿದ್ದೆ ಹೋದರು. ಆಪರೇಷನ್ ಆದಂದಿನಿಂದ ರಾತ್ರಿಯಿಡೀ ಹೊರಳಾಡುತ್ತಿದ್ದ ಜೀವ. ನಾನು ಅವರ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಪಕ್ಕದಲ್ಲಿ ಕೂತಿದ್ದೆ. ಯಾರೂ ಬಂದು ಯಾಕೆ ಕೂತಿದ್ದೀರಿ ಎಂದು ಕೇಳಲಿಲ್ಲ.

ಅಲ್ಲಿಂದ ಮುಂದೆ ಆ ಒಂದು ವರ್ಷದಲ್ಲಿ ನಾವಿಬ್ಬರೂ ಹನ್ನೊಂದು ಸಲ ಲಾಲ್‌ಬಾಗಿಗೆ ಹೋದೆವು. ಹೋದಂತೆಲ್ಲ ಅತ್ತೆಗೆ ತೋಟದ ಪರಿಚಯವಾಯಿತು. ಹೈದರಾಲಿ 1760ರಲ್ಲಿ ಈ ತೋಟಕ್ಕೆ ಕೈ ಹಾಕಿದಾಗ ಇದು ಸುಮಾರು 40 ಎಕರೆ, ಬೆಂಗಳೂರು ಕೋಟೆಯಿಂದ ಹೊರಗಿನ ಬಯಲು. ಟಿಪ್ಪು ದೂರದೇಶಗಳಿಂದ ಗಿಡ ತರಿಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಈಗ 240 ಎಕರೆ, ಸಾವಿರಕ್ಕೂ ಮಿಕ್ಕಿದ ಬಗೆಯ ಗಿಡಮರಗಳು. ಊರು ಬೆಳೆದು ತೋಟವನ್ನು ಸುತ್ತುವರಿಯಿತೇ ಹೊರತು ತೋಟವೇನೂ ಊರೊಳಗೆ ಬಂದದ್ದಲ್ಲ. ಗೇಟಿನ ಹೊರಗೆ ಬಸ್ಸು, ಲಾರಿ, ಹಾರನ್ನು. ಒಳಗೆ ನೂರು ಹೆಜ್ಜೆ ನಡೆಯಿರಿ, ಮಡಿವಾಳಗಿತ್ತಿ ಹಕ್ಕಿಯ ಸಿಳ್ಳು ಕೇಳುತ್ತದೆ.

ಮರಗಳಿಗೆ ಹೆಸರಿನ ಫಲಕ ಹೊಡೆದಿರುತ್ತಾರಲ್ಲ, ಅದನ್ನು ನಾನು ಓದಿ ಹೇಳಬೇಕು. ನಾಗಲಿಂಗ ಪುಷ್ಪದ ಮರದ ಕೆಳಗೆ ಅತ್ತೆ ಚಪ್ಪಲಿ ಬಿಟ್ಟು ನಿಂತು ಕೈ ಮುಗಿದರು. ಹೆಡೆ ಬಿಚ್ಚಿದ ನಾಗರ, ಒಳಗೆ ಲಿಂಗ; ಕೈ ಮುಗಿಯದೆ ಇರುವುದು ಹೇಗೆ? ಅದು ದಕ್ಷಿಣ ಅಮೆರಿಕದಿಂದ ಬಂದ ಮರ ಎಂದು ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಬೇಸಿಗೆಯಲ್ಲಿ ನಮ್ಮ ಕೆ.ಜಿ.ಎಫ್. ರಸ್ತೆಗಳನ್ನೂ ಕೆಂಪಾಗಿಸುವ ಗುಲ್‌ಮೊಹರ್ ಮಡಗಾಸ್ಕರಿನದು. ಮಳೆಮರವೂ ಹೊರಗಿನದೇ. "ನಮ್ಮಂಗೆ ಎಲ್ಲಿಂದಲೋ ಬಂದೋವು" ಎಂದರು ಅತ್ತೆ. ನಿಜ. ಆರ್ಕಾಟಿನಿಂದ, ಸೇಲಂನಿಂದ, ಚಿತ್ತೂರಿನಿಂದ, ಸುತ್ತಲಿನ ಹಳ್ಳಿಗಳಿಂದ ಬಂದವರೇ ನಮ್ಮ ಊರಾದದ್ದು. ಗಣಿ ಮುಚ್ಚಿದ ಮೇಲೆ "ನಿಮ್ಮದು ಯಾವೂರು?" ಎಂದು ಕೇಳುವವರಿಗೆ ನಮ್ಮವರಲ್ಲಿ ಎಷ್ಟೋ ಜನರಿಗೆ ಬೇರೆ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಅತ್ತೆಗೆ ಹೆಚ್ಚು ಹಿಡಿಸಿದ ಕತೆ ಮಾತ್ರ ಅಡಿಗೆಮನೆಯದು. 1874ರಿಂದ ಈ ತೋಟ ನೋಡಿಕೊಂಡ ಜಾನ್ ಕ್ಯಾಮರನ್ ಎಂಬಾತ ಹೊರದೇಶದ ತರಕಾರಿಗಳನ್ನು ಇಲ್ಲಿ ಬೆಳೆಸಿ ಜನರಿಗೆ ರೂಢಿ ಮಾಡಿಸಿದ. ನಮ್ಮ ಸೀಮೆಬದನೆಕಾಯಿಯೂ ಅವನ ಕೈಯಿಂದ ಬಂದದ್ದೇ. "ಹಂಗಾದ್ರೆ ನಾವು ಕೂಟು ಮಾಡಿದಾಗೆಲ್ಲ ಆ ಪುಣ್ಯಾತ್ಮನ್ನ ನೆನೀಬೇಕು" ಎಂದರು. ಅವನ ನಂತರ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಲೆಕ್ಕ ಹಾಕಿ ಮರ ನೆಡಿಸಿದ. ತಿಂಗಳಿಗೊಂದು ಸಲ ಹೋಗುತ್ತಿದ್ದ ನಮಗೆ ಆ ಲೆಕ್ಕ ಚೆನ್ನಾಗಿ ಕಾಣುತ್ತಿತ್ತು. ಒಂದು ತಿಂಗಳು ಆಟೋ ದಾರಿಯಲ್ಲಿ ಗುಲಾಬಿ ಬಣ್ಣ, ಮತ್ತೊಂದು ತಿಂಗಳು ಹಳದಿ, ಇನ್ನೊಂದು ತಿಂಗಳು ನೇರಳೆ. ಗಾಜಿನಮನೆಗೆ 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಅದರ ಕಬ್ಬಿಣ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು. ಅದೇ ಕಾಲದಲ್ಲಿ ನಮ್ಮ ಗಣಿಗಳಿಗೂ ಆ ದೇಶದಿಂದ ಯಂತ್ರಗಳು ಬರುತ್ತಿದ್ದವು. ಇಲ್ಲಿಯ ಕಬ್ಬಿಣ ಇನ್ನೂ ಬಣ್ಣ ಹಚ್ಚಿಕೊಂಡು ನಿಂತಿದೆ, ನಮ್ಮದು ತುಕ್ಕು ಹಿಡಿದು ನಿಂತಿದೆ.

ಒಂದು ದಿನ ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಬೇಕೆಂದು ಹಟ ಹಿಡಿದರು. ಅರ್ಧ ಹತ್ತಿ, ಸಾಕೆಂದು ಅಲ್ಲೇ ಕೂತರು. ಬಿಸಿಲಿಗೆ ಬೆಚ್ಚಗಾಗಿದ್ದ ಕಲ್ಲನ್ನು ಅಂಗೈಯಿಂದ ಸವರಿ ನೋಡಿ, "ಇದು ನಮ್ಮ ಕಲ್ಲಲ್ಲ ಕಣಮ್ಮಾ. ನಮ್ಮದು ಕರೀದು, ಅದರೊಳಗೆ ಬಿಳೀ ಗೆರೆ. ಆ ಬಿಳೀ ಗೆರೇಲೇ ಚಿನ್ನ ಇರೋದು ಅಂತ ನಿಮ್ಮ ಮಾವ ಹೇಳೋರು" ಎಂದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಅವರು ಹೇಳಿದ್ದು ಅಕ್ಷರಶಃ ಸರಿ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ ಹಳೆಯ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೋಲಾರದ ಕಪ್ಪು ಶಿಲೆ ಅದಕ್ಕಿಂತ ಕಿರಿದು, ಸುಮಾರು 270 ಕೋಟಿ ವರ್ಷದ್ದು. ಅದರೊಳಗಿನ ಬಿಳಿ ಬೆಣಚುಕಲ್ಲಿನ ಎಳೆಗಳಲ್ಲೇ ಚಿನ್ನ. ನಮ್ಮ ಪೆದ್ದಪಲ್ಲಿಯ ಶಿಲೆಗಳೂ ಅಂಥದೇ ರಾಷ್ಟ್ರೀಯ ಸ್ಮಾರಕದ ಪಟ್ಟಿಯಲ್ಲಿವೆ. ಒಂದರ ಮೇಲೆ ಸಂಜೆಯ ಹೊತ್ತು ಜನ ಗಾಳಿಗೆ ಕೂರುತ್ತಾರೆ. ಇನ್ನೊಂದರ ಹೆಸರನ್ನು ನನ್ನ ತರಗತಿಯಲ್ಲಿ ಕೇಳಿದರೆ ಒಂದು ಕೈಯೂ ಏಳುವುದಿಲ್ಲ.

ಬಂಡೆಯ ಮೇಲೆ ಕೂತು ಆ ದಿನ ಅತ್ತೆ ಬಹಳ ಮಾತಾಡಿದರು. ಐದು ಹೆತ್ತದ್ದು, ಎರಡು ಉಳಿದದ್ದು, ಸಂಬಳದ ದಿನ ಸಾಲಗಾರರು ಗಣಿಯ ಗೇಟಿನಲ್ಲೇ ಕಾಯುತ್ತಿದ್ದದ್ದು, ಮಾವನ ಕೆಮ್ಮು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ನನಗೆ ಕೇಳದ ಮಾತುಗಳು ಅವು. ಮನೆಯಲ್ಲಿ ನಮ್ಮಿಬ್ಬರ ನಡುವೆ ಯಾವಾಗಲೂ ಒಂದು ಕೆಲಸವಿರುತ್ತಿತ್ತು: ಹಿಟ್ಟೋ, ಹಾಲೋ, ಹುಣಸೆಹಣ್ಣೋ. ಅತ್ತೆ ಸೊಸೆ ಎದುರುಬದುರು ಕೂತು, ಕೈಯಲ್ಲೇನೂ ಇಲ್ಲದೆ ಮಾತಾಡಿದ್ದು ಆ ತೋಟದಲ್ಲೇ ಮೊದಲು. ಕೊನೆಗೆ "ನನಗೆ ಎಷ್ಟು ದಿನ ಅಂತ ಡಾಕ್ಟರು ಹೇಳವ್ರೆ?" ಎಂದೂ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಕೆರೆಯ ಕಡೆ ನೋಡಿ, "ಹಂಗಾದ್ರೆ ಇನ್ನೂ ನಾಕು ಸಲ ಬರಬಹುದು" ಎಂದರು.

ಐದು ಸಲ ಬಂದೆವು. ಹಾಪ್‌ಕಾಮ್ಸ್ ಮಳಿಗೆಯಲ್ಲಿ ದ್ರಾಕ್ಷಿ ರಸ ಕುಡಿಯುವುದು ವಾಡಿಕೆಯಾಯಿತು. ಬಿಳಿ ಬೂರುಗದ ದೈತ್ಯ ಮರದ ಬುಡದಲ್ಲಿ, ಗೋಡೆಯ ಹಾಗೆ ಎದ್ದ ಅದರ ಬೇರುಗಳನ್ನು ನೋಡುತ್ತ, ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಕೊನೆಯ ಸಲ ಬ್ಯಾಟರಿ ಗಾಡಿ ಬೇಡವೆನ್ನಲಿಲ್ಲ. ಹಿಂತಿರುಗುವಾಗ ಮಾಲೂರು ದಾಟಿದ ಮೇಲೆ ಕಿಟಕಿಯಾಚೆ ನೀಲಗಿರಿ ತೋಪುಗಳು ಓಡುತ್ತಿದ್ದವು. "ಇಷ್ಟೊಂದು ಮರ ಬೆಳೆಸವ್ರೆ, ಒಂದರ ಕೆಳಗಾದ್ರೂ ಕೂರಕ್ಕೆ ನೆರಳಿದೆಯಾ ನೋಡು" ಎಂದರು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ 2017ರಲ್ಲೇ ಆದೇಶ ಮಾಡಿತ್ತು, ಅಂತರ್ಜಲದ ಕಾರಣಕ್ಕೆ. ಅತ್ತೆಯ ಆಕ್ಷೇಪಣೆ ಬೇರೆಯದೇ ಆಗಿತ್ತು. 2019ರ ದೀಪಾವಳಿಗೆ ಮೊದಲು ಅವರು ತೀರಿಕೊಂಡರು.

ಲಾಲ್‌ಬಾಗಿನಿಂದ ಕಾಯಿಲೆ ವಾಸಿಯಾಗುತ್ತದೆಂದು ನಾನು ಹೇಳುತ್ತಿಲ್ಲ. ಕಾಯಿಲೆ ತನ್ನ ದಾರಿ ಹಿಡಿಯಿತು. ಆದರೆ ಎಪ್ಪತ್ತೆಂಟು ವರ್ಷದ ಬಾಳಿನಲ್ಲಿ ಆ ಹೆಂಗಸು ಕೆಲಸವಿಲ್ಲದೆ ಕೂತದ್ದು ಹನ್ನೊಂದು ಮಧ್ಯಾಹ್ನ. ಅದಕ್ಕೂ ಒಂದು ಕಾಯಿಲೆ ಬರಬೇಕಾಯಿತು, 70 ಕಿಲೋಮೀಟರು ಹೋಗಬೇಕಾಯಿತು ಎನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ. ರಾಜರು, ನವಾಬರು, ದೊರೆಗಳು ತಮಗಾಗಿ ಮಾಡಿಕೊಂಡ ತೋಟ ಕಾಲಕ್ರಮದಲ್ಲಿ ಎಲ್ಲರದಾಯಿತು, ಬೆಂಗಳೂರಿನ ಪುಣ್ಯ. ನಮ್ಮಂಥ ಊರುಗಳಲ್ಲಿ ಬಸ್‌ಸ್ಟ್ಯಾಂಡು ಬೇಕೆಂದು ಕೇಳುತ್ತೇವೆ, ಕಲ್ಯಾಣಮಂಟಪ ಬೇಕೆಂದು ಕೇಳುತ್ತೇವೆ. ಹೆಂಗಸರು ಹೋಗಿ ನೆರಳಲ್ಲಿ ಕೂರುವ ಜಾಗ ಬೇಕೆಂದು ಯಾವ ವಾರ್ಡಿನ ಸಭೆಯಲ್ಲೂ ಯಾರೂ ಎದ್ದು ನಿಂತು ಕೇಳಿದ್ದನ್ನು ನಾನು ಕಂಡಿಲ್ಲ. ಕೇಳಿದರೆ ನಗುತ್ತಾರೆಂಬ ಅಂಜಿಕೆ. ನಗಲಿ ಬಿಡಿ.

ಬೆಂಗಳೂರಿಗೆ ಹೇಗೂ ಹೋಗುತ್ತೀರಲ್ಲ, ಒಂದು ಸಲ ಎರಡು ಗಂಟೆ ಮಿಗಿಸಿಕೊಳ್ಳಿ. ಈಗ ಮೆಜೆಸ್ಟಿಕ್ಕಿನಿಂದ ಮೆಟ್ರೋ ಹತ್ತಿದರೆ ನಾಲ್ಕನೆಯ ನಿಲ್ದಾಣವೇ ಲಾಲ್‌ಬಾಗ್. ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಬೇಡ, ಜನಜಂಗುಳಿ. ಯಾವುದಾದರೂ ಮಂಗಳವಾರವೋ ಬುಧವಾರವೋ ಹೋಗಿ. ಜೊತೆಗೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಹೂಕೋಸು ಬಿಡಿಸುವ ಚಾಕುವನ್ನು ಮನೆಯಲ್ಲೇ ಬಿಟ್ಟು ಹೋಗಿ.

ನಮ್ಮ ಶಾಲೆಯ ಗೇಟಿನ ಪಕ್ಕ ಒಂದು ಹಳೆಯ ಹೊಂಗೆ ಮರವಿದೆ. ಮಕ್ಕಳನ್ನು ಕರೆದೊಯ್ಯಲು ಬರುವ ತಾಯಂದಿರು ಅದರಡಿ ನಿಂತೇ ಕಾಯುತ್ತಿದ್ದರು. ಕೋಲಾರದ ಕಡೆ ಕಲ್ಲಿಗೇನು ಬರ? ಅತ್ತೆಯ ವರ್ಷಾಬ್ದಿಕಕ್ಕೆಂದು ಎತ್ತಿಟ್ಟಿದ್ದ ಹಣದಲ್ಲಿ ಸ್ವಲ್ಪ ತೆಗೆದು ಒಂದು ಉದ್ದನೆಯ ಕಲ್ಲುಚಪ್ಪಡಿ ತರಿಸಿ ಮರದ ಕೆಳಗೆ ಹಾಕಿಸಿದೆವು. ದಾನಿಗಳ ಹೆಸರು ಏನೆಂದು ಕೆತ್ತಿಸಲಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಕಲ್ಲಿನ ಮೇಲೆ ಏನೂ ಬೇಡವೆಂದೆ. ಏಳನೆಯ ತರಗತಿಯ ಮಕ್ಕಳು ಒಂದು ತಗಡಿನ ಮೇಲೆ "ಹೊಂಗೆ" ಎಂದು ಬರೆದು ಮರಕ್ಕೆ ದಾರದಿಂದ ಕಟ್ಟಿದರು.

ಮೊನ್ನೆ ಮೂರೂವರೆಯ ಹೊತ್ತಿಗೆ ಹೊರಗೆ ಬಂದಾಗ ಒಬ್ಬಾಕೆ ಆ ಕಲ್ಲಿನ ಮೇಲೆ ಕೂತು ಮರಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಗಾರ್ಮೆಂಟ್ಸಿನ ಬೆಳಗಿನ ಪಾಳಿ ಮುಗಿಸಿ ಬಂದವಳಿರಬೇಕು, ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು. ನನ್ನ ಹೆಜ್ಜೆಯ ಸದ್ದಿಗೆ ಗಡಬಡಿಸಿ ಎದ್ದು, ಸೆರಗು ಸರಿಮಾಡಿಕೊಂಡು, "ಸುಮ್ನೆ ಕೂತಿದ್ದೆ ಮಿಸ್" ಎಂದಳು, ಏನೋ ಸಿಕ್ಕಿಬಿದ್ದವಳ ಹಾಗೆ.

"ಅದಕ್ಕೇ ಹಾಕಿರೋದು ಕಣಮ್ಮಾ. ಕೂತ್ಕೋ, ಬೆಲ್ಲು ಹೊಡೆಯೋದಕ್ಕೆ ಇನ್ನೂ ಹೊತ್ತಿದೆ" ಎಂದು ನಾನು ಒಳಗೆ ನಡೆದೆ.